ಗುಜರಿ ಕಬ್ಬಿಣ, ಹಳೆಯ ಪ್ಯಾಡ್, ಲಗೇಜ್ ತಕ್ಕಡಿ: ಕ್ಯಾಲಿಪರ್ ಕೆಡದಂತೆ ಬ್ರೇಕ್ ಪ್ಯಾಡ್ ಬದಲಿಸುವುದು ಹೇಗೆ?

ನಾನು ಮೊದಲ ಸಲ ಕಾರಿನ ಬ್ರೇಕ್ ಪ್ಯಾಡ್ ಬದಲಿಸಲು ಕೂತಾಗ ಕೈಯಲ್ಲಿದ್ದದ್ದು ಎರಡು ಪಾನಾ ಮತ್ತು ಒಂದು ಉದ್ದನೆಯ ಸ್ಕ್ರೂಡ್ರೈವರ್. ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡನ್ನು ಒತ್ತುವ ಪಿಸ್ಟನ್ ಒಳಗೆ ಹೋಗಲೊಲ್ಲದು. ಸ್ಕ್ರೂಡ್ರೈವರನ್ನು ಡಿಸ್ಕಿಗೆ ಆನಿಸಿ ಮೀಟಿದೆ, ಹೋಯಿತು. ಹೋಗುವಾಗ ಪಿಸ್ಟನ್ ಸುತ್ತಲಿನ ರಬ್ಬರ್ ಗವಸನ್ನು ಹೆಬ್ಬೆರಳ ಉಗುರಿನಷ್ಟು ಹರಿಯಿತು. ಇಷ್ಟಕ್ಕೇನಾದೀತು ಎಂದು ಚಕ್ರ ಹಾಕಿಬಿಟ್ಟೆ. ಆ ಮಳೆಗಾಲವಿಡೀ ಕಾರು ಸಾಗರದ ಕಡೆಯ ಕೆಸರು ರಸ್ತೆಯಲ್ಲಿ ಓಡಾಡಿತು. ದೀಪಾವಳಿಯ ಹೊತ್ತಿಗೆ ಎಡಗಡೆಯ ಮುಂದಿನ ಚಕ್ರ ಕೈ ಇಡಲಾಗದಷ್ಟು ಕಾಯತೊಡಗಿತು, ಕಾರು ಎಡಕ್ಕೆ ಎಳೆಯತೊಡಗಿತು. ಬಿಚ್ಚಿ ನೋಡಿದರೆ ಗವಸು ಹರಿದ ಜಾಗಕ್ಕೆ ಸರಿಯಾಗಿ ಪಿಸ್ಟನ್ ಮೈಮೇಲೆ ತುಕ್ಕಿನ ಗುಳಿ. ಪ್ಯಾಡ್ ಬದಲಿಸುವ ಕೂಲಿ ಉಳಿಸಲು ಹೋದವನು, ಪಿಸ್ಟನ್ನನ್ನು ಒಳಗಿಟ್ಟುಕೊಂಡು ಡಿಸ್ಕನ್ನು ಅಪ್ಪಿ ಕೂರುವ ಕ್ಯಾಲಿಪರನ್ನೇ ಕೊಂಡು ತಂದೆ.

ತಪ್ಪು ಬಲದ್ದಲ್ಲ, ಬಲ ಬಿದ್ದ ಜಾಗದ್ದು. ಪಿಸ್ಟನ್ನನ್ನು ನೇರವಾಗಿ, ಅದರ ಮುಖದ ಮೇಲೆಲ್ಲ ಸಮನಾಗಿ ಒತ್ತಿದರೆ ಏನೂ ಕೆಡುವುದಿಲ್ಲ. ಒಂದು ಅಂಚಿನಲ್ಲಿ ಮೀಟಿದರೆ ಎಲ್ಲವೂ ಕೆಡುತ್ತದೆ. ಇಲ್ಲಿ ಹೇಳುವ ಮನೆ ಸಲಕರಣೆಗಳೆಲ್ಲ ಈ ಒಂದು ಮಾತಿನ ಸುತ್ತ ಹುಟ್ಟಿದವು. ಉದಾಹರಣೆಗೆ ತೆಗೆದುಕೊಂಡಿರುವುದು ನಮ್ಮ ಬೀದಿಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಕಾರು: ಮುಂದೆ ಡಿಸ್ಕ್, ಹಿಂದೆ ಡ್ರಮ್, ಮುಂದಿನ ಪ್ರತಿ ಚಕ್ರಕ್ಕೂ ಒಂದೇ ಪಿಸ್ಟನ್ ಇರುವ, ಪಿನ್ನುಗಳ ಮೇಲೆ ಜಾರುವ ಕ್ಯಾಲಿಪರ್.

ಒಳಗೆ ಏನು ನಡೆಯುತ್ತದೆ

ಬ್ರೇಕ್ ತುಳಿದಾಗ ಪಿಸ್ಟನ್ ಹೊರಬಂದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ, ತನ್ನ ಬೆರಳುಗಳಿಂದ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಅಲ್ಲಿ ಯಾವ ಸ್ಪ್ರಿಂಗೂ ಇಲ್ಲ. ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯ ತೋಡಿನಲ್ಲಿ ಕೂತಿರುವ ಚೌಕ ಅಂಚಿನ ರಬ್ಬರ್ ಸೀಲ್ ಒತ್ತಡದಲ್ಲಿ ತುಸು ತಿರುಚಿಕೊಂಡಿರುತ್ತದೆ. ಒತ್ತಡ ಇಳಿದಾಗ ಅದು ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಗೇ ಉಳಿಯುತ್ತ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಹೊಸ ಪ್ಯಾಡಿನ ಉಜ್ಜುವ ಪದರ 10 ಎಂಎಂ ಇದ್ದದ್ದು 3 ಎಂಎಂಗೆ ಇಳಿದಿದೆ ಎನ್ನೋಣ. ಎರಡೂ ಪ್ಯಾಡಿನ ಸವೆತವನ್ನು ಒಂದೇ ಪಿಸ್ಟನ್ ತುಂಬಿಕೊಟ್ಟಿರುತ್ತದೆ, ಅಂದರೆ ಅದು 14 ಎಂಎಂ ಹೊರಬಂದಿದೆ. ಹೊಸ ಪ್ಯಾಡ್ ಕೂರಬೇಕಾದರೆ ಆ 14 ಎಂಎಂ ದೂರವನ್ನು ನಾವು ಒತ್ತಿ ಒಳಗೆ ಕಳಿಸಬೇಕು. ಓರೆಯಾಗಿ ಒತ್ತಿದರೆ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಗೋಡೆಗೆ ಗೀರು ಬೀಳುತ್ತದೆ. ಕೆಲವು ಕಾರುಗಳ ಪಿಸ್ಟನ್ ಕಬ್ಬಿಣದ್ದಲ್ಲ, ಗಟ್ಟಿ ಪ್ಲಾಸ್ಟಿಕ್ ಜಾತಿಯದು. ಸ್ಕ್ರೂಡ್ರೈವರಿನ ಮೊನೆಗೆ ಅದರ ಅಂಚು ಬಿಸ್ಕತ್ತಿನಂತೆ ಸಿಡಿಯುತ್ತದೆ.

ಮನೆಯಲ್ಲಿ ಮಾಡಬಾರದ ಒಂದು ವಸ್ತು

ಸಲಕರಣೆಯ ಮಾತಿಗೆ ಮೊದಲು ಇದನ್ನು ಹೇಳಿಬಿಡುತ್ತೇನೆ. ಒತ್ತುವುದು, ಹಿಡಿಯುವುದು, ಹೀರುವುದು, ಅಳೆಯುವುದು ಇವಕ್ಕೆಲ್ಲ ಮನೆಯಲ್ಲಿ ಮಾಡಿದ ವಸ್ತು ಸಾಕು. ಕಾರನ್ನು ಎತ್ತಿ ನಿಲ್ಲಿಸುವುದಕ್ಕೆ ಮಾತ್ರ ಬೇಡ. ಸಿಮೆಂಟ್ ಇಟ್ಟಿಗೆ, ಟೊಳ್ಳು ಬ್ಲಾಕ್, ಮರದ ತುಂಡುಗಳ ರಾಶಿ, ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಸ್ಟ್ಯಾಂಡ್ ಯಾವುದೂ ಬೇಡ. ತೂಕ ನಮೂದಿಸಿರುವ ಜಾಕ್ ಸ್ಟ್ಯಾಂಡನ್ನು ಕೊಂಡುಕೊಳ್ಳಿ. ಅದರ ಜೊತೆಗೆ, ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗೆ, ಕಾರಿನ ಅಡಿಗೆ ಅಡ್ಡ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಕಾರು ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಕೈ ಮೇಲಲ್ಲ.

ಸಲಕರಣೆಗಳು

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪಿಸ್ಟನ್ ಒತ್ತುವ ಪಟ್ಟಿ. ಗುಜರಿ ಅಂಗಡಿಯಿಂದ 6 ಎಂಎಂ ದಪ್ಪದ, 40 ಎಂಎಂ ಅಗಲದ ಕಬ್ಬಿಣದ ಪಟ್ಟಿಯನ್ನು ತನ್ನಿ. ಸುಮಾರು 100 ಎಂಎಂ ಉದ್ದ ಸಾಕು. ನಟ್ಟನಡುವೆ 11 ಎಂಎಂ ತೂತು ಕೊರೆಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ 10 ಎಂಎಂ ದಪ್ಪದ, 50 ಎಂಎಂ ಉದ್ದದ, ಪೂರ್ತಿ ಮರೆ (ತಿರುಪಿನ ಸುರುಳಿ ಗೆರೆ) ಇರುವ ಬೋಲ್ಟ್, ಒಂದು ನಟ್ ಮತ್ತು ಒಂದು ವಾಷರ್ ಕೇಳಿ. ಪಟ್ಟಿಯ ನಾಲ್ಕೂ ಮೂಲೆಗಳನ್ನು ಅರದಿಂದ ಉಜ್ಜಿ ಮೊಂಡಾಗಿಸಿ. ಇದಕ್ಕೆ ಜೊತೆ ಬೇಕಾಗುವುದು ನೀವು ಈಗಷ್ಟೇ ಬಿಚ್ಚುವ ಹಳೆಯ ಒಳಗಿನ ಪ್ಯಾಡ್.

ಇದು ಕೂರುವ ಕ್ರಮ ಹೀಗೆ. ಬೋಲ್ಟಿಗೆ ತಲೆಯವರೆಗೂ ನಟ್ ಏರಿಸಿ, ವಾಷರ್ ಹಾಕಿ, ಬಾಲವನ್ನು ಪಟ್ಟಿಯ ತೂತಿನಲ್ಲಿ ತೂರಿಸಿ. ಹಳೆಯ ಪ್ಯಾಡನ್ನು ಪಿಸ್ಟನ್ ಮುಖಕ್ಕೆ, ಅದು ಮೊದಲು ಕೂತಿದ್ದಂತೆಯೇ, ಆನಿಸಿ. ಪಟ್ಟಿಯನ್ನು ಕ್ಯಾಲಿಪರಿನ ಬೆರಳುಗಳ ಒಳಮೈಗೆ ಅಡ್ಡ ಇಡಿ. ಬೋಲ್ಟಿನ ಬಾಲ ಎರಡು ಬೆರಳುಗಳ ನಡುವಿನ ಬಿಡುವಿನಿಂದ ಹೊರಗೆ ಇಣುಕುತ್ತದೆ, ತಲೆ ಹಳೆಯ ಪ್ಯಾಡಿಗೆ ತಗಲುತ್ತದೆ. ಈಗ ಬಾಲವನ್ನು ಇಕ್ಕಳದಲ್ಲಿ ಹಿಡಿದು, 17 ನಂಬರ್ ಪಾನಾದಿಂದ ನಟ್ಟನ್ನು ಪಟ್ಟಿಯ ಕಡೆಗೆ ತಿರುಗಿಸಿ. ನಟ್ ಪಟ್ಟಿಗೆ ಒದ್ದುಕೊಂಡು ನಿಲ್ಲುತ್ತದೆ, ಬೋಲ್ಟ್ ಪಿಸ್ಟನ್ ಕಡೆಗೆ ಸರಿಯುತ್ತದೆ. ಈ ಬೋಲ್ಟಿನ ಸಾಮಾನ್ಯ ಮರೆ ಸುತ್ತಿಗೆ 1.5 ಎಂಎಂ ಮುಂದೆ ಹೋಗುತ್ತದೆ. ನಮ್ಮ 14 ಎಂಎಂ ದೂರಕ್ಕೆ ಒಂಬತ್ತು ಸುತ್ತಿನ ಮೇಲೆ ಚೂರು. ಕೈಯಲ್ಲಿ ಪಾನಾ ಹಿಡಿದು ಎಣಿಸುತ್ತ ತಿರುಗಿಸಿದರೆ ಪಿಸ್ಟನ್ ಎಲ್ಲಿದೆ ಎಂದು ನೋಡದೆಯೇ ಹೇಳಬಹುದು. ಅಂಗಡಿಯಲ್ಲಿ ಸಿಗುವ ದುಬಾರಿ ಸಲಕರಣೆಯೂ ಮಾಡುವುದು ಇದನ್ನೇ.

ಕೆಲವು ಕ್ಯಾಲಿಪರುಗಳಲ್ಲಿ ಬೆರಳುಗಳ ನಡುವೆ ಬಿಡುವು ಇರುವುದಿಲ್ಲ. ಆಗ ಬಡಗಿಗಳು ಬಳಸುವ 6 ಇಂಚಿನ ಸಿ ಕ್ಲಾಂಪ್ ಸಾಕು: ಒಂದು ದವಡೆ ಸಿಲಿಂಡರಿನ ಬೆನ್ನಿಗೆ, ಸ್ಕ್ರೂ ತುದಿ ಪಿಸ್ಟನ್ ಮೇಲಿಟ್ಟ ಹಳೆಯ ಪ್ಯಾಡಿನ ನಡುವಿಗೆ. ಬೆನ್ನಿನ ಮೇಲೆ ದವಡೆ ಕೂರಿಸುವಾಗ ಬ್ರೇಕ್ ಪೈಪಿನ ಜೋಡಣೆ, ಗಾಳಿ ತೆಗೆಯುವ ನಿಪ್ಪಲ್ ಎರಡನ್ನೂ ತಪ್ಪಿಸಬೇಕು. ಎರಡು ಪಿಸ್ಟನ್ ಇರುವ ದೊಡ್ಡ ಗಾಡಿಗಳಲ್ಲಿ ಹಳೆಯ ಪ್ಯಾಡ್ ಎರಡರ ಮೇಲೂ ಕೂರಲೇಬೇಕು. ಒಂದನ್ನು ಒತ್ತಿದರೆ ಇನ್ನೊಂದು ಹೊರಗೆ ಬರುತ್ತದೆ.

ಎರಡನೆಯದು ಕೊಕ್ಕೆ. ಬಿಚ್ಚಿದ ಕ್ಯಾಲಿಪರನ್ನು ಅದರ ರಬ್ಬರ್ ಪೈಪಿನಲ್ಲೇ ನೇತುಬಿಡುವುದು ನಾನು ನೋಡಿರುವ ಅತಿ ಸಾಮಾನ್ಯ ತಪ್ಪು. ಪೈಪಿನ ಒಳಪದರ ಸೀಳಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಬಟ್ಟೆ ನೇತುಹಾಕುವ ಗಟ್ಟಿ ತಂತಿಯ ಹ್ಯಾಂಗರನ್ನು ಬಿಡಿಸಿ, ಒಂದು ಗೇಣು ಉದ್ದದ ಎಸ್ ಆಕಾರಕ್ಕೆ ಬಗ್ಗಿಸಿ, ಎರಡೂ ತುದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ. ಒಂದು ತುದಿ ಸಸ್ಪೆನ್ಷನ್ ಸ್ಪ್ರಿಂಗಿಗೆ, ಇನ್ನೊಂದು ಕ್ಯಾಲಿಪರಿಗೆ.

ಮೂರನೆಯದು 50 ಮಿಲಿ ಸಿರಿಂಜ್ ಮತ್ತು ಗೇಣುದ್ದದ ತೆಳು ಪೈಪ್; ಮೀನಿನ ತೊಟ್ಟಿಗೆ ಗಾಳಿ ಹೋಗುವ ಪೈಪ್ ಸರಿಯಾಗುತ್ತದೆ. ಬಾನೆಟ್ ಅಡಿಯ ಡಬ್ಬಿಯಿಂದ ಹೆಚ್ಚುವರಿ ಬ್ರೇಕ್ ಆಯಿಲ್ ಹೀರಲು ಇದು. ಈ ಸಿರಿಂಜನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ನಾಲ್ಕನೆಯದು ತಕ್ಕಡಿ. ಊರಿಗೆ ಹೋಗುವಾಗ ಚೀಲ ತೂಗುವ, ಕೊಕ್ಕೆಯ ಡಿಜಿಟಲ್ ತಕ್ಕಡಿ ಅನೇಕರ ಮನೆಯಲ್ಲಿದೆ. ಬೋಲ್ಟ್ ಬಿಗಿಯುವ ಬಲವನ್ನು ಅಳೆಯಲು ಅದೇ ಸಾಕು. ಅದರ ಸರದಿ ಕೊನೆಗೆ ಬರುತ್ತದೆ.

ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕಾರಾದರೆ ಸ್ವಲ್ಪ ನಿಲ್ಲಿ. ಅಂಥ ಕೆಲವು ಕಾರುಗಳಲ್ಲಿ ಹಿಂದಿನ ಪಿಸ್ಟನ್ನನ್ನು ಒತ್ತುವುದಲ್ಲ, ತಿರುಗಿಸುತ್ತ ಒಳಗೆ ಕಳಿಸಬೇಕು. ಮುಖದ ಮೇಲೆ ಕಚ್ಚುಗಳಿದ್ದರೆ ಅದೇ ಗುರುತು. ಒತ್ತಿದರೆ ಒಳಗಿನ ಹ್ಯಾಂಡ್‌ಬ್ರೇಕ್ ಯಂತ್ರ ಮುರಿಯುತ್ತದೆ. ಗುಂಡಿ ಒತ್ತಿ ಹಾಕುವ ಹ್ಯಾಂಡ್‌ಬ್ರೇಕ್ ಇದ್ದರೆ ಅದನ್ನು ಮೊದಲು ಸರ್ವೀಸ್ ಸ್ಥಿತಿಗೆ ತರಬೇಕು. ಇವೆರಡಕ್ಕೂ ಮನೆ ಸಲಕರಣೆಯ ಸಾಹಸ ಬೇಡ ಎನ್ನುವವನು ನಾನು.

ಕೆಲಸಕ್ಕೆ ಇಳಿಯೋಣ

1. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲನೇ ಗೇರಿಗೆ ಹಾಕಿ, ಹಿಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಇಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಕಾಲು ಸುತ್ತು ಸಡಿಲಿಸಿ. ಆಮೇಲೆ ಜಾಕ್, ಆಮೇಲೆ ಸ್ಟ್ಯಾಂಡ್.

2. ಒಂದು ಕಡೆ ಮುಗಿಯುವವರೆಗೆ ಇನ್ನೊಂದು ಕಡೆಗೆ ಕೈ ಹಾಕಬೇಡಿ. ಪ್ಯಾಡ್ ಹಿಡಿದಿಡುವ ಕ್ಲಿಪ್ಪು ಯಾವ ದಿಕ್ಕಿಗಿತ್ತು ಎಂದು ಮರೆತರೆ ನೋಡಿಕೊಳ್ಳಲು ಬಿಚ್ಚದ ಚಕ್ರವೇ ಪಾಠಪುಸ್ತಕ. ಆದರೂ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಡಿ.

3. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಸುತ್ತ ಒರೆಸಿ, ಮುಚ್ಚಳ ಸಡಿಲಿಸಿ, ಮಟ್ಟ ನೋಡಿ. ಪಿಸ್ಟನ್ ಒಳಗೆ ಹೋದಷ್ಟೂ ಆಯಿಲ್ ಇಲ್ಲಿಗೇ ಮರಳಿ ಬರುತ್ತದೆ. ಪ್ಯಾಡ್ ಸವೆದು ಮಟ್ಟ ಇಳಿದಾಗ ಯಾರಾದರೂ ಮೇಲಿನ ಗೆರೆಯವರೆಗೆ ತುಂಬಿಸಿದ್ದರೆ ಈಗ ಅದು ಉಕ್ಕುತ್ತದೆ. ಸಿರಿಂಜಿನಿಂದ ಅರ್ಧಕ್ಕೆ ಇಳಿಸಿ. ಆಯಿಲ್ ಎಂದು ಕರೆದರೂ ಡಾಟ್ 3, ಡಾಟ್ 4 ದ್ರವಗಳು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರುತ್ತವೆ, ಬಣ್ಣ ತಿನ್ನುತ್ತವೆ. ಚೆಲ್ಲಿದ ಕೂಡಲೇ ನೀರು ಸುರಿದು ತೊಳೆಯಿರಿ. ಹೀರಿ ತೆಗೆದದ್ದನ್ನು ಮತ್ತೆ ಒಳಗೆ ಹಾಕಬೇಡಿ.

4. ಕ್ಯಾಲಿಪರಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪಂಪೂ ಬೇಡ. ಶ್ವಾಸಕೋಶಕ್ಕೆ ಹೋಗಬಾರದ ಪುಡಿ ಅದು. ಸಾಬೂನು ನೀರು ಚಿಮುಕಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಗವಸಿನ ಮಡಿಕೆಗಳನ್ನು ಬೆರಳಿನಿಂದ ತಡವಿ ನೋಡಿ. ಹರಿದಿದ್ದರೆ, ಒಳಗೆ ಒದ್ದೆ ಇದ್ದರೆ, ಈ ಕೆಲಸ ಪ್ಯಾಡಿಗೆ ಮುಗಿಯುವುದಿಲ್ಲ. ಸೀಲ್ ಕಿಟ್ ಹಾಕಿಸಬೇಕು. ನನ್ನ ಹಾಗೆ ಕಣ್ಣು ಮುಚ್ಚಿಕೊಳ್ಳಬೇಡಿ.

5. ಎರಡು ಪಿನ್ ಬೋಲ್ಟುಗಳಲ್ಲಿ ಕೆಳಗಿನದನ್ನು ಬಿಚ್ಚಿ, ಸಾಮಾನ್ಯವಾಗಿ 12 ಅಥವಾ 14 ನಂಬರ್. ಬೋಲ್ಟಿನೊಂದಿಗೆ ಪಿನ್ನೂ ಸುತ್ತುತ್ತಿದ್ದರೆ ಅದರ ಚಪ್ಪಟೆ ಭಾಗಕ್ಕೆ ತೆಳು ಪಾನಾ ಹಾಕಿ ಹಿಡಿಯಿರಿ. ಹೆಚ್ಚಿನ ಕಾರುಗಳಲ್ಲಿ ಕ್ಯಾಲಿಪರ್ ಮೇಲಿನ ಪಿನ್ನಿನ ಮೇಲೆ ಪೆಟ್ಟಿಗೆಯ ಮುಚ್ಚಳದಂತೆ ಎದ್ದುಕೊಳ್ಳುತ್ತದೆ. ಏಳದಿದ್ದರೆ ಎರಡೂ ಬಿಚ್ಚಿ. ಎರಡೂ ಸಂದರ್ಭದಲ್ಲಿ ಕೊಕ್ಕೆ ಹಾಕಿ, ಪೈಪ್ ತಿರುಚಿಲ್ಲವೆಂದು ನೋಡಿ. ಈಗಿನಿಂದ ಯಾರೂ ಬ್ರೇಕ್ ತುಳಿಯಬಾರದು. ತುಳಿದರೆ ಪಿಸ್ಟನ್ ಪೂರ್ತಿ ಹೊರಗೆ ಬಂದೀತು. ಮನೆಯಲ್ಲಿ ಮಕ್ಕಳಿದ್ದರೆ ಕಾರಿನ ಬಾಗಿಲು ಬೀಗ ಹಾಕಿ.

6. ಹಳೆಯ ಪ್ಯಾಡುಗಳನ್ನು ತೆಗೆಯಿರಿ. ಒಂದರ ಅಂಚಿನಲ್ಲಿ ಚಿಕ್ಕ ತಗಡಿನ ನಾಲಿಗೆ ಇದ್ದರೆ ಅದು ಯಾವ ಕಡೆ, ಮೇಲೋ ಕೆಳಗೋ ಎಂದು ಗುರುತು ಮಾಡಿಕೊಳ್ಳಿ. ಪದರ ತೆಳುವಾದಾಗ ಡಿಸ್ಕಿಗೆ ತಗಲಿ ಕಿರುಚುವುದು ಅದೇ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ತುಂಬ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಜಾರುತ್ತಿಲ್ಲ, ಪಿನ್ ಹಿಡಿದುಕೊಂಡಿದೆ. ಪ್ಯಾಡನ್ನಷ್ಟೇ ಬದಲಿಸಿ ಕಳಿಸುವವರು ನೋಡದೆ ಬಿಡುವುದು ಇದನ್ನೇ.

7. ಪಿನ್ನುಗಳನ್ನು ಎಳೆದು ಒರೆಸಿ. ಮೇಲಿನದು ಕೆಳಗಿನದು ಒಂದೇ ತರಹ ಇರಬೇಕೆಂದಿಲ್ಲ, ಅದಲುಬದಲು ಮಾಡಬೇಡಿ. ಪಾತ್ರೆ ಉಜ್ಜುವ ನೈಲಾನ್ ನಾರು ಸಾಕು. ಎಮರಿ ಕಾಗದ ಹಾಕಿದರೆ ಮೇಲಿನ ಲೇಪ ಹೋಗಿ ತುಕ್ಕು ಬೇಗ ಹತ್ತುತ್ತದೆ. ಹಚ್ಚಬೇಕಾದದ್ದು ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್. ಎಂಜಿನ್ ಆಯಿಲ್, ಬೇರಿಂಗ್ ಗ್ರೀಸ್, ಸೀಮೆಎಣ್ಣೆ ಈ ರಬ್ಬರನ್ನು ಊದಿಸುತ್ತವೆ. ತೆಳುವಾಗಿ ಹಚ್ಚಿ. ಗೂಡಿನ ತುಂಬ ಮೆತ್ತಿದರೆ ಒಳಗೆ ಸಿಕ್ಕ ಗಾಳಿ ಪಿನ್ನನ್ನು ಹೊರಗೆ ನೂಕುತ್ತಲೇ ಇರುತ್ತದೆ.

8. ಈಗ ಪಟ್ಟಿ. ಮೊದಲ ಅರ್ಧ ಸುತ್ತು ಬಿಗಿಯಾಗಿರುತ್ತದೆ, ಆಮೇಲೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಒಂದೇ ಸಮನೆ ಹೋಗಬೇಕು. ಕಾಲು ಸುತ್ತು ತಿರುಗಿಸಿ, ಒಂದು ಉಸಿರು ಬಿಟ್ಟು, ಮತ್ತೆ ಕಾಲು ಸುತ್ತು. ಪ್ರತಿ ಎರಡು ಸುತ್ತಿಗೊಮ್ಮೆ ಪ್ಯಾಡ್ ಪಿಸ್ಟನ್ನಿಗೆ ನೇರವಾಗಿ ಕೂತಿದೆಯೇ, ಗವಸಿನ ಮಡಿಕೆ ಅಂಚಿನಲ್ಲಿ ಸಿಕ್ಕಿಕೊಂಡಿಲ್ಲವೇ ನೋಡಿ. ಡಬ್ಬಿಯ ಮಟ್ಟವನ್ನೂ ಒಮ್ಮೆ ಎದ್ದು ನೋಡಿ ಬನ್ನಿ. ಪಿಸ್ಟನ್ ತಳ ಮುಟ್ಟಿದಾಗ ಪಾನಾಕ್ಕೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಿ.

ಹೋಗದಿದ್ದರೆ?

ಪಾನಾಕ್ಕೆ ಪೈಪ್ ಸಿಕ್ಕಿಸಿ ಬಲ ಹೆಚ್ಚಿಸುವ ಮನಸ್ಸಾಗುತ್ತದೆ. ಬೇಡ. ನಿಪ್ಪಲ್ಲಿಗೆ ಪೈಪ್ ತುಂಡು ಹಾಕಿ, ಇನ್ನೊಂದು ತುದಿಯನ್ನು ಚೂರು ಹೊಸ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ, ಮತ್ತೆ ಒತ್ತಿ ನೋಡಿ. ಈಗ ಸಲೀಸಾಗಿ ಹೋದರೆ ಪಿಸ್ಟನ್ ಚೆನ್ನಾಗಿದೆ, ಕೆಟ್ಟಿರುವುದು ರಬ್ಬರ್ ಪೈಪು: ಒಳಗೇ ಊದಿ ಆಯಿಲನ್ನು ಹಿಂದಕ್ಕೆ ಬಿಡುತ್ತಿಲ್ಲ. ಈಗಲೂ ಹೋಗದಿದ್ದರೆ ಪಿಸ್ಟನ್ನೇ ತುಕ್ಕು ಹಿಡಿದಿದೆ. ಎರಡಕ್ಕೂ ಮೆಕ್ಯಾನಿಕ್ ಬೇಕು, ಆದರೆ ನೀವು ಹೋಗುವಾಗ ರೋಗದ ಹೆಸರು ಗೊತ್ತಿರುತ್ತದೆ. ಒತ್ತುವುದನ್ನು ಬಿಡುವ ಮೊದಲೇ ನಿಪ್ಪಲ್ ಮುಚ್ಚಬೇಕು, ಇಲ್ಲವಾದರೆ ಗಾಳಿ ಒಳಗೆ ಹೋಗುತ್ತದೆ. ಒಮ್ಮೆ ಸಡಿಲಿಸಿದ ಮೇಲೆ, ಕ್ಯಾಲಿಪರ್ ಜೋಡಿಸಿದ ಬಳಿಕ, ಮನೆಯವರೊಬ್ಬರನ್ನು ಸೀಟಿನಲ್ಲಿ ಕೂರಿಸಿ ಆ ಚಕ್ರದ ಗಾಳಿ ತೆಗೆಯಿರಿ: ಅವರು ತುಳಿದು ಹಿಡಿದಾಗ ನಿಪ್ಪಲ್ ತೆರೆ, ಮುಚ್ಚು, ಆಮೇಲೆ ಅವರು ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವವರೆಗೆ ಇದೇ ಕ್ರಮ. ನಡುನಡುವೆ ಡಬ್ಬಿ ಬರಿದಾಗದಂತೆ ತುಂಬಿಸುತ್ತಿರಬೇಕು.

ಜೋಡಣೆ ಮತ್ತು ತಕ್ಕಡಿಯ ಸರದಿ

ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅಚ್ಚು ಒತ್ತಿರುತ್ತಾರೆ. ವರ್ನಿಯರಿನಿಂದ ಅಳೆದು ಅದಕ್ಕಿಂತ ಕಡಿಮೆಯಿದ್ದರೆ ಹೊಸ ಪ್ಯಾಡ್ ಹಾಕುವುದು ವ್ಯರ್ಥ. ಹೊಸ ಪ್ಯಾಡುಗಳ ಉಜ್ಜುವ ಮುಖಕ್ಕೆ ಗ್ರೀಸ್ ಕೈ ತಾಗಿಸದೆ ಕೂರಿಸಿ, ಕ್ಯಾಲಿಪರ್ ಇಳಿಸಿ. ಇಳಿಯಲು ತಕರಾರು ಮಾಡಿದರೆ ಬಡಿಯಬೇಡಿ. ಪಿಸ್ಟನ್ ಇನ್ನೂ ಪೂರ್ತಿ ಒಳಗೆ ಹೋಗಿಲ್ಲ, ಇಲ್ಲವೇ ಕ್ಲಿಪ್ ಓರೆಯಾಗಿದೆ.

ಕ್ಯಾಲಿಪರಿನ ಮರೆ ಹಾಳಾಗುವುದು ಇಲ್ಲಿ, ಕೊನೆಯ ಐದು ನಿಮಿಷದಲ್ಲಿ. ಪಿನ್ ಬೋಲ್ಟ್ ಚಿಕ್ಕದು, ಚಕ್ರದ ನಟ್ ಬಿಗಿದು ಅಭ್ಯಾಸವಾದ ಕೈ ಅದನ್ನು ಕತ್ತರಿಸಿಯೇ ಬಿಡುತ್ತದೆ. ನಿಮ್ಮ ಕಾರಿನ ಪುಸ್ತಕದಲ್ಲಿ ಪಿನ್ ಬೋಲ್ಟಿಗೆ 30 ನ್ಯೂಟನ್ ಮೀಟರ್ (ತಿರುಗಿಸಿ ಬಿಗಿಯುವ ಬಲದ ಅಳತೆ) ಎಂದಿದೆ ಎನ್ನೋಣ. ಪಾನಾದಲ್ಲಿ ಬೋಲ್ಟಿನ ನಡುವಿನಿಂದ 20 ಸೆಂಟಿಮೀಟರ್ ಅಳೆದು ಗುರುತು ಹಾಕಿ, ಅಲ್ಲಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ. 30 ಅನ್ನು 0.2ರಿಂದ ಭಾಗಿಸಿ, ಮತ್ತೆ 9.8ರಿಂದ ಭಾಗಿಸಿದರೆ 15.3. ಪಾನಾಕ್ಕೆ ಲಂಬವಾಗಿ, ನಿಧಾನವಾಗಿ ಎಳೆಯುತ್ತ ತಕ್ಕಡಿ 15.3 ಕಿಲೋ ತೋರಿಸಿದ ಕೂಡಲೇ ನಿಲ್ಲಿಸಿ. ಚಕ್ರದ ನಟ್ಟಿಗೆ 100 ನ್ಯೂಟನ್ ಮೀಟರ್ ಬೇಕಿದ್ದು ನಿಮ್ಮ ಹಿಡಿ 40 ಸೆಂಟಿಮೀಟರ್ ಇದ್ದರೆ ಲೆಕ್ಕ 25.5 ಕಿಲೋಗೆ ಬರುತ್ತದೆ. ಮೊದಲ ಸಲ ಹೀಗೆ ಅಳೆದಾಗ, ಅಷ್ಟು ದಿನ ನಾನು ಪಿನ್ ಬೋಲ್ಟಿಗೆ ಹಾಕುತ್ತಿದ್ದ ಬಲ ಬೇಕಾದದ್ದರ ಎರಡರಷ್ಟಿತ್ತೆಂದು ತಿಳಿದು ಬೆವರಿದೆ. ಅಂಕಿ ಮಾತ್ರ ನಿಮ್ಮ ಕಾರಿನ ಪುಸ್ತಕದ್ದೇ ಆಗಿರಲಿ, ಮೇಲಿನವು ಲೆಕ್ಕ ತೋರಿಸಲು ಕೊಟ್ಟವು.

ಎರಡೂ ಚಕ್ರ ಮುಗಿದ ಮೇಲೆ, ಎಂಜಿನ್ ಶುರು ಮಾಡುವ ಮೊದಲು, ಬ್ರೇಕನ್ನು ಮೆಲ್ಲಗೆ ಹಲವು ಸಲ ತುಳಿಯಿರಿ. ಮೊದಲ ತುಳಿತಗಳಲ್ಲಿ ಪೆಡಲ್ ನೆಲ ಮುಟ್ಟುವಂತೆ ಇಳಿಯುತ್ತದೆ. ಪಿಸ್ಟನ್ ಹೊರಬಂದು ಪ್ಯಾಡಿಗೆ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಇದನ್ನು ಮರೆತು ಕಾರು ಹಿಂದಕ್ಕೆ ತೆಗೆದವರು ಗೇಟಿಗೆ ಗುದ್ದಿದ್ದಾರೆ. ಹತ್ತಾರು ಸಲ ತುಳಿದರೂ ಪೆಡಲ್ ಮೆತ್ತಗೇ ಇದ್ದರೆ ಗಾಳಿ ಸೇರಿದೆ, ಕಾರು ರಸ್ತೆಗೆ ಇಳಿಯಕೂಡದು. ಗಟ್ಟಿಯಾದ ಬಳಿಕ ಡಬ್ಬಿಯ ಮಟ್ಟ ಸರಿಮಾಡಿ ಮುಚ್ಚಳ ಹಾಕಿ.

ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ ಇಳಿಸಿ. ನಡುವೆ ಅರ್ಧ ನಿಮಿಷ ಓಡಿಸಿ ತಣಿಯಲು ಬಿಡಿ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಇದು ಬೇಕು. ಹೊಸ ಪ್ಯಾಡ್ ಹಾಕಿದ ಮರುದಿನವೇ ಆಗುಂಬೆ, ಚಾರ್ಮಾಡಿ ಇಳಿಯುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ವಾರ ಊರೊಳಗೆ ಓಡಲಿ. ಹದಿನೈದು ನಿಮಿಷದ ಓಟದ ಬಳಿಕ ಇಳಿದು ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈಯ ಹಿಂಭಾಗ ಹಿಡಿದು ನೋಡಿ, ಮುಟ್ಟಬೇಡಿ. ಎರಡರ ಬಿಸಿ ಒಂದೇ ಮಟ್ಟದಲ್ಲಿರಬೇಕು. ಒಂದು ಹೆಚ್ಚು ಸುಡುತ್ತಿದ್ದರೆ ಆ ಕಡೆಯ ಪಿನ್ನನ್ನೋ ಪಿಸ್ಟನ್ನನ್ನೋ ಮತ್ತೆ ನೋಡಬೇಕು.

ತೆಗೆದ ನಾಲ್ಕು ಹಳೆಯ ಪ್ಯಾಡುಗಳಲ್ಲಿ ಚಪ್ಪಟೆಯಾಗಿರುವ ಎರಡನ್ನು ಒರೆಸಿ, ಪಟ್ಟಿ ಬೋಲ್ಟುಗಳ ಜೊತೆ ಒಂದು ಬಟ್ಟೆ ಚೀಲದಲ್ಲಿ ಕಟ್ಟಿ, ಯಾವ ಕಾರಿನದೆಂದು ಬರೆದಿಡಿ. ಮುಂದಿನ ಸಲಕ್ಕೆ ಅವೇ ಸಲಕರಣೆ.